ಚಿಮಟನ ಉಸಿರಿನ ಪ್ರಕರಣ

ಎಲ್ಲಕ್ಕೂ ಮೂಲ ಹೊಟ್ಟೆಯುರಿ. ಪಕ್ಕದ ಮನೆಯವರು ಹೊಸ ಕಾರು ತಂದಾಗ ಬರುತ್ತದಲ್ಲ, ಅದಲ್ಲ, ನಿಜವಾದ ಹೊಟ್ಟೆಯುರಿ. ಉಂಡು ಅರ್ಧ ಗಂಟೆಯಾಗುವಷ್ಟರಲ್ಲಿ ಎದೆಗೂಡಿನ ಕೆಳಗೆ ಯಾರೋ ಒಲೆ ಹಚ್ಚಿ ಕೂತಂತಾಗುತ್ತಿತ್ತು. ಚಿಮಟ ಎರಡು ತಿಂಗಳು ಹಲ್ಲು ಕಚ್ಚಿ ಸಹಿಸಿದ. ಮೂರನೆಯ ತಿಂಗಳು ಬಾಯಿತಪ್ಪಿ ಹೆಂಡತಿಗೆ ಹೇಳಿದ. ಅವಳು ತನ್ನ ತಮ್ಮನಿಗೆ ಹೇಳಿದಳು. ಕೆಟ್ಟಿದ್ದು ಅಲ್ಲೇ ನೋಡಿ.

ಈ ಭಾವಮೈದ ಒಬ್ಬ ಹೊಟ್ಟೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಪರೀಕ್ಷೆಗಳನ್ನು ಮಾಡುವವನು. ನೆಂಟರಿಷ್ಟರಲ್ಲಿ ಯಾರಿಗಾದರೂ ತೇಗು ಬಂದರೂ ಸಾಕು, ಕೈ ಹಿಡಿದು ಎಳೆದುಕೊಂಡು ಹೋಗಿ ಪರೀಕ್ಷೆಗೆ ಕೂರಿಸುವಷ್ಟು ಪ್ರೀತಿ ಅವನಿಗೆ. ಮರುದಿನ ಬೆಳಿಗ್ಗೆ ಏಳಕ್ಕೇ ಭಾವನನ್ನು ಸ್ಕೂಟರಿನ ಹಿಂದೆ ಹೇರಿಕೊಂಡು ಕ್ಲಿನಿಕ್ಕಿಗೆ ತಂದ.

"ಸೂಜಿ ಇಲ್ಲ, ನಳಿಕೆ ಇಲ್ಲ ಭಾವ. ಒಂದು ಮಾತ್ರೆ ನುಂಗೋದು, ಹತ್ತು ನಿಮಿಷ ಸುಮ್ನೆ ಕೂರೋದು, ಈ ಚೀಲ ಊದೋದು. ಹುಣ್ಣು ಮಾಡೋ ಕ್ರಿಮಿ ಹೊಟ್ಟೇಲಿ ಇದ್ರೆ ಉಸಿರಲ್ಲೇ ಸಿಕ್ಕಿಬೀಳತ್ತೆ."

ಚಿಮಟ ನುಂಗಿದ, ಕೂತ, ಊದಿದ. ಬಾಯಿ ಒರೆಸಿಕೊಳ್ಳುತ್ತಾ ಏಳುವಾಗ ಕಣ್ಣು ಮೇಜಿನ ಮೇಲಿದ್ದ ಡಬ್ಬಿಯ ಕಡೆ ಹೋಯಿತು. ಡಬ್ಬಿಯ ಮೇಲೆ 'ಇಂಗಾಲ-೧೪' ಎಂದು ಬರೆದಿತ್ತು.

"ಏನೋ ಇದು? ನನಗೇನೋ ನುಂಗಿಸ್ದೆ?"

"ಡಬ್ಬಿ ಓದಬೇಡಿ ಭಾವ. ಡಬ್ಬಿ ಓದೋಕೆ ಶುರು ಮಾಡಿದ್ರೆ ಯಾವ ಮಾತ್ರೇನೂ ಗಂಟಲಲ್ಲಿ ಇಳಿಯಲ್ಲ," ಎಂದವನೇ ಭಾವಮೈದ ಮುಂದಿನವರನ್ನು ಕೂಗಿದ.

ಬೇರೆ ಯಾರಾಗಿದ್ದರೂ ಅದನ್ನು ಓದಿ, ಸರಿ ಎಂದು ಕೆಲಸಕ್ಕೆ ಹೋಗುತ್ತಿದ್ದರು. ಆ ಮಾತ್ರೆಯಿಂದ ಮನುಷ್ಯನಿಗೆ ಕೂದಲೆಳೆಯಷ್ಟೂ ತೊಂದರೆಯಿಲ್ಲ. ಆದರೆ ಚಿಮಟ ಕೆಲಸ ಮಾಡುತ್ತಿದ್ದ ಜಾಗ ಅಂಥದ್ದು. ಹಳೆಯ ಮರ, ಮೂಳೆ, ಬಟ್ಟೆಗಳ ವಯಸ್ಸು ಹೇಳುವ ಪ್ರಯೋಗಾಲಯ ಅದು. ಜೀವವಿರುವ ಎಲ್ಲದರೊಳಗೂ ಇಂಗಾಲ-೧೪ ಎಂಬ ಅಪರೂಪದ ಇಂಗಾಲ ಒಂದು ಚೂರು ಇರುತ್ತದೆ. ಸತ್ತ ಮೇಲೆ ನಿಧಾನವಾಗಿ ಕರಗುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಎಣಿಸಿದರೆ ಸತ್ತು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ಎಣಿಸುವುದೇ ಕಷ್ಟ. ಒಂದು ಲಕ್ಷ ಕೋಟಿ ಸಾಮಾನ್ಯ ಇಂಗಾಲದ ಕಣಗಳ ನಡುವೆ ಇದು ಒಂದೇ ಒಂದು ಇರುತ್ತದೆ. ಅದನ್ನು ಹೆಕ್ಕಲಿಕ್ಕೆ ರೈಲು ಬೋಗಿಯಷ್ಟು ಉದ್ದದ ಯಂತ್ರವೊಂದು ಕಣಗಳನ್ನು ಬಿರುಸಾಗಿ ಓಡಿಸಿ, ಅಯಸ್ಕಾಂತಗಳಿಂದ ಬಗ್ಗಿಸಿ, ಒಂದೊಂದಾಗಿ ಲೆಕ್ಕ ಹಾಕುತ್ತದೆ. ಮಾತ್ರೆ ನುಂಗಿದವನು ಅಂಥ ಕಟ್ಟಡದೊಳಗೆ ಹೋಗಿ ಉಸಿರು ಬಿಟ್ಟರೆ, ಮೊರದಲ್ಲಿ ಒಂದೊಂದೇ ಸಾಸಿವೆ ಆರಿಸುತ್ತಿರುವವರ ಮೇಲೆ ಮೂಟೆ ಸಾಸಿವೆ ಸುರಿದ ಹಾಗೆ. ಸಾವಿರ ವರ್ಷದ ಮರ ಇನ್ನೂ ಹುಟ್ಟೇ ಇಲ್ಲ ಎಂದು ಯಂತ್ರ ಹೇಳಿಬಿಡುತ್ತದೆ.

ಅದಕ್ಕೇ ಬಾಗಿಲಲ್ಲಿ ಒಂದು ಫಲಕ: 'ವೈದ್ಯಕೀಯ ಪರೀಕ್ಷೆಗಾಗಿ ಇಂಗಾಲ-೧೪ ಸೇವಿಸಿದವರು ಒಳಗೆ ಕಾಲಿಡಕೂಡದು.' ಬರೆಸಿದವರು ನಿರ್ದೇಶಕರು. ವಾರಕ್ಕೊಮ್ಮೆ ಅದರ ಮೇಲೆ ಭಾಷಣವನ್ನೂ ಮಾಡುತ್ತಿದ್ದರು.

ಚಿಮಟ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆರು ವರ್ಷದಿಂದ ಕೈಯಲ್ಲಿ ಚಿಮಟ ಹಿಡಿದೇ ಇದ್ದವನಿಗೆ ಸಹೋದ್ಯೋಗಿಗಳು ಇಟ್ಟದ್ದು. ಹಳೆಯ ಮರದ ಚೂರನ್ನು ಸುಟ್ಟು, ಸೋಸಿ, ಕರಿಪುಡಿ ಮಾಡಿ, ಅದನ್ನು ಸಣ್ಣ ಅಲ್ಯೂಮಿನಿಯಂ ಅಚ್ಚುಗಳಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ತುಂಬಿ, ಯಂತ್ರದ ಚಕ್ರಕ್ಕೆ ಜೋಡಿಸುವುದು ಅವನ ಕೆಲಸ. ಆ ಕೈಚಳಕ ಬೇರೆ ಯಾರಿಗೂ ಇರಲಿಲ್ಲ. ಆದರೂ ಆರು ವರ್ಷದಿಂದ ಅವನು ತಾತ್ಕಾಲಿಕ ನೌಕರ. ಪ್ರತಿ ಆರು ತಿಂಗಳಿಗೊಮ್ಮೆ ಹೊಸ ಆದೇಶ, ಹೊಸ ಎದೆಬಡಿತ. ಕೊನೆಗೂ ಹೋದ ವಾರ ನಿರ್ದೇಶಕರು ಬಾಯಿಬಿಟ್ಟು ಹೇಳಿದ್ದರು: "ಮ್ಯೂಸಿಯಂನವರ ಮರದ ತೊಟ್ಟಿಲಿನ ಚೂರು ಬಂದಿದೆ. ಸೋಮವಾರ ನಾಲ್ಕು ಗಂಟೆಯೊಳಗೆ ಚಕ್ರ ತುಂಬಿಸು. ನಾಲ್ಕೂ ಕಾಲಿಗೆ ನಿನ್ನ ಖಾಯಂ ಆದೇಶಕ್ಕೆ ರುಜು ಹಾಕ್ತೀನಿ."

ಆ ಸೋಮವಾರವೇ ಇವತ್ತು. ಹೆಂಡತಿ ಆಗಲೇ ಬೀದಿಗೆಲ್ಲ ಡಂಗುರ ಸಾರಿದ್ದಳು.

ಒಳಗೆ ಹೋದರೆ ಯಂತ್ರ ಹಾಳು. ಹೋಗದಿದ್ದರೆ ನೌಕರಿ ಹಾಳು. ಅತ್ತ ದರಿ, ಇತ್ತ ಪುಲಿ. ಸತ್ಯ ಹೇಳಿ, ಅದು ಮೈಯಿಂದ ಹೋಗುವವರೆಗೆ ಹದಿನೈದು ದಿನ ರಜೆ ಕೇಳೋಣವೆಂದರೆ ತಾತ್ಕಾಲಿಕ ನೌಕರನಿಗೆ ರಜೆ ಎಲ್ಲಿಂದ ಬರಬೇಕು? ಚಿಮಟ ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಮಾಡಿದ. ಕಟ್ಟಡದ ಒಳಗೆ ತಾನೆ ಹೋಗಬಾರದು? ಆವರಣದಲ್ಲಿ ನಿಂತರೆ ತಪ್ಪೇನು? ಕಿಟಕಿಯ ಹೊರಗೆ ನಿಂತು ಹೇಳಿಕೊಟ್ಟರೆ ಯಂತ್ರದಲ್ಲಿ ಕಣಗಳ 'ಬೀಮ್' ಓಡಿಸುವ ಬೀಮಣ್ಣ ಅಚ್ಚು ತುಂಬಲಾರನೇ?

ಗೇಟಿನಲ್ಲಿ ಕಾವಲುಗಾರ ಎದ್ದು ನಿಂತ. "ಏನ್ ಸಾರ್, ಇವತ್ತು ಖಾಯಂ ಅಂತೆ? ಬಾಯಿ ಸಿಹಿ ಯಾವಾಗ?"

ಅವನು ಹತ್ತಿರ ಬಂದಷ್ಟೂ ಚಿಮಟ ಹಿಂದೆ ಹಿಂದೆ ಸರಿದ. ಕಾವಲುಗಾರನ ಅಂಗಿಗೆ ತನ್ನ ಉಸಿರು ತಾಗಿ, ಆ ಅಂಗಿ ಒಳಗೆ ಹೋದರೆ ಗತಿಯೇನು? ಕರ್ಚೀಫು ಬಾಯಿಗೆ ಒತ್ತಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಹ್ಞೂಂ," ಎಂದ.

"ಒಳಗೆ ಹೋಗಲ್ವಾ?"

"ಇಲ್ಲ. ಇವತ್ತು ಹೊರಗೇ ಇರ್ತೀನಿ. ಗಾಳಿ ಚೆನ್ನಾಗಿದೆ."

ಈ ಕಾವಲುಗಾರ ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಒಂದು ಬಾರಿನ ಬಾಗಿಲು ಕಾದವನು. ಬಾಯಿಗೆ ಬಟ್ಟೆ ಹಿಡಿದು ಮುಖ ತಿರುಗಿಸಿ ಮಾತಾಡುವ ಗಂಡಸರನ್ನು ಸಾವಿರಗಟ್ಟಲೆ ನೋಡಿದ್ದ. 'ಅಯ್ಯೋ ಪಾಪ, ಬೆಳಿಗ್ಗೆ ಬೆಳಿಗ್ಗೇನೇ! ಖಾಯಂ ಆಗೋ ಖುಷಿ ತಡೆಯೋಕಾಗಿಲ್ಲ,' ಎಂದುಕೊಂಡ. ಅಂದುಕೊಂಡು ಸುಮ್ಮನಿದ್ದರೆ ಅವನು ಕಾವಲುಗಾರನೇ ಅಲ್ಲ.

ಚಿಮಟ ಬೇಲಿಯ ಸಂದಿನಿಂದ ನುಸುಳಿ ಕಿಟಕಿಯ ಹತ್ತಿರ ಹೋದ. ಎರಡು ಪದರದ ಗಾಜು, ತೆರೆಯಲಿಕ್ಕೆ ಬರುವುದಿಲ್ಲ, ಗಂಟಲು ಹರಿದು ಕೂಗಿದರೂ ಒಳಗೆ ಕೇಳುವುದಿಲ್ಲ. ಆ ಕೋಣೆಗೆ ಫೋನು ತರುವುದೂ ನಿಷಿದ್ಧ. ಚಿಮಟ ಗಾಜು ತಟ್ಟಿದ. ಒಳಗಿದ್ದ ಬೀಮಣ್ಣ ಬೆಚ್ಚಿಬಿದ್ದು ತಿರುಗಿ, ಕೈಯಾಡಿಸಿ 'ಒಳಗೆ ಬಾ' ಎಂದ. ಚಿಮಟ ಕೈಯಾಡಿಸಿ 'ಬರಲ್ಲ' ಎಂದ. ಆಮೇಲೆ ಮೇಜಿನ ಮೇಲಿನ ಶೀಶೆ ತೋರಿಸಿ ಎರಡು ಬೆರಳು ಸೇರಿಸಿ 'ಒಂದು ಚಿಟಿಕೆ' ಎಂದು ಸನ್ನೆ ಮಾಡಿದ. ಸುತ್ತಿಗೆ ಹಿಡಿದವನಂತೆ ಗಾಳಿಯಲ್ಲಿ ಮೂರು ಸಲ ಬಡಿದ. ಜೋರಾಗಿ ಬಡಿಯಬೇಡ ಎಂದು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಪುಡಿ ಹಾರೀತು, ಸೀನಬೇಡ ಎಂದು ಹೇಳಲಿಕ್ಕೆ ಒಮ್ಮೆ ಸೀನಿ, ತನ್ನ ಮೂಗನ್ನು ತಾನೇ ಹಿಡಿದು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಬೀಮಣ್ಣ ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿದ. ಆಮೇಲೆ ಬಾಗಿಲ ಕಡೆ ಓಡಿಹೋಗಿ ಇನ್ನೂ ಮೂವರನ್ನು ಕರೆತಂದ. ನಾಲ್ಕು ಮುಖಗಳು ಗಾಜಿಗೆ ಅಂಟಿಕೊಂಡವು. ಚಿಮಟ ಪಾಪ, ಇವರೆಲ್ಲ ಕಲಿಯಲಿಕ್ಕೆ ಬಂದಿದ್ದಾರೆ ಎಂದುಕೊಂಡು ಮೊದಲಿನಿಂದ ಇನ್ನೂ ಬಿಡಿಸಿ ಬಿಡಿಸಿ ತೋರಿಸಿದ. ಚಕ್ರ ತಿರುಗುವುದನ್ನು ತೋರಿಸಲು ತಾನೇ ಒಂದು ಸುತ್ತು ತಿರುಗಿದ. ಒಳಗಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಾವಲುಗಾರನ ಸುದ್ದಿ ಒಳಬಾಗಿಲಿನಿಂದ ಬಂದು ಮುಟ್ಟಿತು: ಚಿಮಟ ಕುಡಿದು ಬಂದಿದ್ದಾನೆ. ಎಲ್ಲರಿಗೂ ಎಲ್ಲವೂ ಅರ್ಥವಾಯಿತು.

ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಹೆಂಡತಿ ಬಂದಿಳಿದಳು. ಓಡಿಸುತ್ತಿದ್ದವನು ಭಾವಮೈದ. "ಅಕ್ಕಾ, ಗಾಬರಿ ಆಗಬೇಡಿ, ಸಾರ್ ಬೇಲಿ ಹತ್ರ ಕುಣೀತಿದ್ದಾರೆ," ಎಂದು ಕಾವಲುಗಾರ ಫೋನು ಮಾಡಿದ್ದನಂತೆ.

"ಏನ್ರೀ ಇದು! ಆರು ವರ್ಷ ಕಾದಿದ್ದು ಈ ದಿನ ಮಾನ ಕಳೆಯೋಕಾ? ಎಲ್ಲಿ, ಊದಿ!"

ಚಿಮಟ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ.

"ಊದಿ ಅಂದ್ರೆ!"

"ಆಗಲ್ಲ ಕಣೇ. ಆಮೇಲೆ ಹೇಳ್ತೀನಿ. ನೀನು ದೂರ ನಿಂತ್ಕೋ."

"ದೂರ ನಿಂತ್ಕೋಬೇಕಾ? ಕೇಳಿದ್ಯೇನೋ ತಮ್ಮಾ? ಕೈಹಿಡಿದ ಹೆಂಡತಿ ದೂರ ನಿಂತ್ಕೋಬೇಕಂತೆ!" ಎಂದು ಅವಳು ಅಲ್ಲೇ ಕಣ್ಣೀರು ತಂದುಕೊಂಡಳು. ನಿಜಕ್ಕೂ ಅವಳಿಗೆ ದುಃಖವಾಗಿತ್ತು. ಆ ಆದೇಶ ಬರಲೆಂದು ಆರು ವರ್ಷ ಅವಳೂ ದಿನ ಎಣಿಸಿದ್ದಳು.

ಗದ್ದಲ ಕೇಳಿ ನಿರ್ದೇಶಕರು ಮೇಲಿನ ಮಹಡಿಯ ತಮ್ಮ ಕೋಣೆಯಿಂದ ಇಳಿದು ಬಂದರು. ಹಿಂದೆ ಇಡೀ ಕಚೇರಿ. ಅವರ ಕೈಯಲ್ಲಿ ಆದೇಶದ ಕಡತವಿತ್ತು. ಚಿಮಟನ ಕಣ್ಣು ಅದರ ಮೇಲೇ ನೆಟ್ಟಿತು.

"ಊದ್ರೀ," ಎಂದರು ನಿರ್ದೇಶಕರು. ಸಿಟ್ಟು ಬಂದಾಗ ಅವರು ಬಹುವಚನಕ್ಕೆ ಏರುತ್ತಿದ್ದರು. "ಎಲ್ಲರ ಮುಂದೆ ಊದಿ. ಇಲ್ಲಾಂದ್ರೆ ಈ ಕಡತ ಇಲ್ಲೇ ಹರಿದು ಹಾಕ್ತೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎನ್ನುವುದು ಖಾತ್ರಿಯಾಯಿತು. ಚಿಮಟ ಬೇಲಿಯ ಕಡೆ ಮುಖ ಮಾಡಿ, ಬೇಲಿಯ ಗಿಡಗಳಿಗೇ ಹೇಳುವವನಂತೆ ಒಂದೇ ಉಸಿರಿನಲ್ಲಿ ಒದರಿಬಿಟ್ಟ: "ಕುಡಿದಿಲ್ಲ ಸಾರ್! ಹೊಟ್ಟೆ ಪರೀಕ್ಷೆಗೆ ಅಂತ ಬೆಳಿಗ್ಗೆ ಇಂಗಾಲ-ಹದಿನಾಲ್ಕು ನುಂಗ್ಬಿಟ್ಟೆ. ಗೊತ್ತಾಗಿದ್ದು ನುಂಗಿದ ಮೇಲೆ. ಯಂತ್ರ ಹಾಳಾಗಬಾರದು ಅಂತ ಹೊರಗೆ ನಿಂತಿದೀನಿ. ಆದೇಶ ಹೋಗಬಾರದು ಅಂತ ಮನೆಗೆ ಹೋಗಿಲ್ಲ."

ಇಡೀ ಕಚೇರಿ ಒಟ್ಟಿಗೆ ಮೂರು ಹೆಜ್ಜೆ ಹಿಂದೆ ಸರಿಯಿತು. ನಿರ್ದೇಶಕರು ಮಾತ್ರ ಅಲ್ಲೇ ನಿಂತು, ಸಿಕ್ಕ ಅವಕಾಶ ಬಿಡಬಾರದೆಂದು ಫಲಕದ ಭಾಷಣವನ್ನು ಶುರುಮಾಡಿದರು. ನಿಯಮ ಏಕೆ ಬೇಕು, ತಾವು ಅದನ್ನು ಎಷ್ಟು ಯೋಚಿಸಿ ಬರೆದರು, ಒಬ್ಬನ ಅಜಾಗ್ರತೆ ಎಷ್ಟು ಜನರ ದುಡಿಮೆಯನ್ನು ನುಂಗುತ್ತದೆ ಎಂದೆಲ್ಲ ಹೇಳುತ್ತಿರುವಾಗಲೇ ಹತ್ತಿ ಮೇಡಂ ಜನರನ್ನು ಸರಿಸಿಕೊಂಡು ಬಂದರು.

ಹತ್ತಿ ಮೇಡಂ ಸುರಕ್ಷತೆಯ ಅಧಿಕಾರಿ. ದಿನವೂ ಮೇಜು, ಕುರ್ಚಿ, ಬಾಗಿಲ ಹಿಡಿಗಳನ್ನು ಹತ್ತಿಯಿಂದ ಒರೆಸಿ, ಎಲ್ಲಾದರೂ ಇಂಗಾಲ-೧೪ ಮೆತ್ತಿದೆಯೇ ಎಂದು ಅಳೆಯುವವರು. ಮೆತ್ತಿದ್ದರೆ 'ಬಿಸಿ', ಇಲ್ಲದಿದ್ದರೆ 'ತಣ್ಣಗೆ'. ಅವರ ಬಾಯಲ್ಲಿ ಮೂರನೆಯ ಮಾತಿಲ್ಲ.

"ನುಂಗಿದೆ ಅಂದ್ರೆ ಆಯ್ತಾ? ಅಳೀಬೇಕು," ಎಂದು ಅವರು ನೀಲಿ ನೀರಿನ ಒಂದು ಬಾಟ್ಲಿಯನ್ನೂ ಕೊಳವೆಯನ್ನೂ ಚಿಮಟನ ಕೈಗಿತ್ತರು. "ನೀಲಿ ಹೋಗೋವರೆಗೂ ಊದಿ. ಇದು ಒಂದನೇ ಬಾಟ್ಲಿ. ಹೋಲಿಸಿ ನೋಡೋಕೆ ಎರಡನೇ ಬಾಟ್ಲಿಗೆ ಒಬ್ಬ ಶುದ್ಧ ಮನುಷ್ಯ ಬೇಕು. ಸಾರ್, ನೀವೇ ಊದಿಬಿಡಿ, ಹತ್ರದಲ್ಲೇ ಇದೀರಿ."

"ನಾನಾ? ನಾನ್ಯಾಕೆ? ಬೀಮಣ್ಣ ಊದಲಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಿರ್ದೇಶಕರ ಕೈ ಹಾಗೇ ಹೊಟ್ಟೆಯ ಮೇಲೆ ಹೋಯಿತು.

"ನಿಯಮ ಬರೆದವರಿಗಿಂತ ಶುದ್ಧವಾದವರು ಯಾರಿದ್ದಾರೆ ಸಾರ್?" ಎಂದರು ಮೇಡಂ. ಇಡೀ ಕಚೇರಿ ನೋಡುತ್ತಿತ್ತು. ನಿರ್ದೇಶಕರು ಊದಿದರು.

ಎಣಿಕೆಗೆ ಒಂದು ಗಂಟೆ ಬೇಕು. ಹೆಂಡತಿ ಕಣ್ಣೊರೆಸಿಕೊಂಡು, "ಕುಡಿದಿಲ್ಲ ತಾನೆ? ಹಾಗಾದ್ರೆ ಸರಿ. ಆದ್ರೆ ಮನೇಲಿ ನೀವು ಇವತ್ತು ಬೇರೆ ಕೋಣೇಲಿ ಮಲಗಿ," ಎಂದು ಆಟೋ ಹತ್ತಿದಳು. ಗುಂಪು ಊಟಕ್ಕೆ ಚದುರಿತು. ನಿರ್ದೇಶಕರು ಯಾಕೋ ಒಳಗೆ ಹೋಗದೆ ಮರದ ಕೆಳಗಿನ ಬೆಂಚಿನ ಒಂದು ತುದಿಯಲ್ಲಿ ಕೂತರು. ಇನ್ನೊಂದು ತುದಿಯಲ್ಲಿ ಚಿಮಟ, ಪಕ್ಕದಲ್ಲಿ ಭಾವಮೈದ.

ಮೇಡಂ ಎರಡೂ ಬಾಟ್ಲಿಗಳ ಚೀಟಿ ಹಿಡಿದು ಬಂದರು. ಮುಖದಲ್ಲಿ ನಗುವಿರಲಿಲ್ಲ, ಆದರೆ ನಗು ಎಲ್ಲೋ ಹತ್ತಿರದಲ್ಲೇ ಕಾಯುತ್ತಿದ್ದಂತಿತ್ತು.

"ಒಂದನೇ ಬಾಟ್ಲಿ ತಣ್ಣಗೆ. ಎರಡನೇ ಬಾಟ್ಲಿ ಬಿಸಿ. ಸುಮಾರಾದ ಬಿಸಿ ಅಲ್ಲ, ಕುದೀತಿದೆ."

"ನಂದು ತಣ್ಣಗಾ? ಅದ್ಹೇಗೆ ಸಾಧ್ಯ? ಡಬ್ಬಿ ಮೇಲೆ ನಾನೇ ಓದಿದ್ದೀನಿ!" ಎಂದು ಚಿಮಟ ಹೌಹಾರಿದ.

ಭಾವಮೈದ ತಲೆ ಕೆರೆದುಕೊಂಡ. "ಡಬ್ಬಿ ಹದಿನಾಲ್ಕರದ್ದೇ ಭಾವ. ಒಳಗಿದ್ದಿದ್ದು ಹದಿಮೂರು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡ್ತೀವಲ್ಲ, ಏನೂ ವಿಕಿರಣ ಇಲ್ಲದ್ದು. ನೀವು ಸ್ವಲ್ಪ ಪುಕ್ಕಲು ಅಂತ ಅದನ್ನೇ ಕೊಟ್ಟೆ. ಅದರ ಡಬ್ಬಿ ಹರಿದುಹೋಗಿತ್ತು, ಇದು ಖಾಲಿ ಬಿದ್ದಿತ್ತು. ಬಿಸ್ಕತ್ತಿನ ಡಬ್ಬೀಲಿ ಅಕ್ಕ ಸೂಜಿ ದಾರ ಇಡಲ್ವಾ, ಹಾಗೆ. ಆಗಲೇ ಹೇಳೋಣ ಅಂದ್ರೆ ಅಷ್ಟು ಜನರ ಮುಂದೆ ಹೆದರಿಕೆ ಆಯ್ತು."

"ಖಾಲಿ ಹೇಗಾಯ್ತೋ?"

"ಕೊನೇದನ್ನ ನಿನ್ನೆ ಸಂಜೆ ಒಬ್ಬರು ದೊಡ್ಡ ಮನುಷ್ಯರು ನುಂಗಿದ್ರು..." ಎನ್ನುತ್ತಾ ಅವನು ಬೆಂಚಿನ ಆ ತುದಿಯನ್ನು ಈಗ ಸರಿಯಾಗಿ ನೋಡಿದ. "ಅರೆ! ನಮಸ್ಕಾರ ಸಾರ್. ಉರಿ ಹೇಗಿದೆ?"

ನಿರ್ದೇಶಕರು ಮರದ ಕೊಂಬೆಗಳನ್ನು ಎಣಿಸುತ್ತಿದ್ದರು. "ನನ್ನ ಕೋಣೆ ಮೇಲಿನ ಮಹಡೀಲಿ ಇದೆ. ಚೂರು ತುಂಬೋ ಕಡೆ ನಾನು ಕಾಲೇ ಇಟ್ಟಿಲ್ಲ. ಏನೂ ಆಗಲ್ಲ ಅಂದ್ಕೊಂಡೆ," ಎಂದರು ಸಣ್ಣ ದನಿಯಲ್ಲಿ.

"ಕೆಳಗಡೆ ಎಲ್ಲಾ ಒರೆಸಿ ನೋಡಿದೆ, ತಣ್ಣಗಿದೆ. ತೊಟ್ಟಿಲಿನ ಚೂರು ಬಚಾವು," ಎಂದರು ಮೇಡಂ. "ನಿಮ್ಮ ಕೋಣೆ ತೊಳೆಸ್ತೀನಿ. ನೀವು ಹದಿನೈದು ದಿನ ಈ ಕಡೆ ತಲೆ ಹಾಕಬೇಡಿ, ಅಷ್ಟರಲ್ಲಿ ಮೈಯಿಂದ ಹೋಗತ್ತೆ. ಆದ್ರೆ ದಾಖಲೇಲಿ ಒಂದು ಹೆಸರು ಬರೀಬೇಕು."

ನಿರ್ದೇಶಕರು ಬೆಂಚಿನ ಮೇಲೆ ಚಿಮಟನ ಕಡೆ ಜರುಗಿದರು. "ನೋಡಪ್ಪಾ," ಎಂದರು. ಆರು ವರ್ಷದಲ್ಲಿ ಅವರ ಬಾಯಿಂದ 'ಅಪ್ಪಾ' ಬಂದದ್ದು ಅದೇ ಮೊದಲು. "ನೀನು ಒಪ್ಪಿಕೊಂಡಿದ್ದನ್ನ ಎಲ್ಲರೂ ಕೇಳಿದಾರೆ."

"ಆದ್ರೆ ನನ್ನಲ್ಲಿ ಏನೂ ಇಲ್ವಲ್ಲ ಸಾರ್!"

"ಇಲ್ಲ ಅಂತ ಹೊರಗೆ ಹೇಳಿದ್ರೆ ಏನಂತಾರೆ ಗೊತ್ತಾ? ಮೈಯಲ್ಲಿ ಏನೂ ಇಲ್ಲದವನು ಬೆಳಿಗ್ಗೆಯಿಂದ ಬೇಲಿ ಹತ್ರ ಯಾಕೆ ಕುಣಿದ ಅಂತಾರೆ. ಕುಡಿದೇ ಕುಣಿದ ಅಂತಾರೆ. ಊರ ಬಾಯಿ ಮುಚ್ಚೋಕಾಗತ್ತಾ?"

ಚಿಮಟ ಯೋಚಿಸಿದ. ಯೋಚಿಸಿದಷ್ಟೂ ಅದು ನಿಜವೆನ್ನಿಸಿತು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಬಿಸಿ ನಿಂದು ಅಂತ ಬರೆಸೋಣ. ನೀನು ಹದಿನೈದು ದಿನ ಮನೇಲಿರು, ಚಕ್ರ ಆಮೇಲೆ ತುಂಬಿದ್ರಾಯ್ತು. ಆದೇಶಕ್ಕೆ ಈಗಲೇ, ಇಲ್ಲೇ ರುಜು ಹಾಕ್ತೀನಿ. ನಾನು ಕೆಮ್ಮು ಅಂತ ರಜೆ ಹೋಗ್ತೀನಿ."

ಚಿಮಟ ಮೇಡಂ ಮುಖ ನೋಡಿದ. ಅವರು ಆಕಾಶ ನೋಡುತ್ತಾ, "ನನ್ನ ಕೆಲಸ ಎಣಿಸೋದು. ಒಂದನೇದು ತಣ್ಣಗೆ, ಎರಡನೇದು ಬಿಸಿ ಅಂತ ಬರೆದಿದೀನಿ. ಯಾವ ನಂಬರು ಯಾರದ್ದು ಅಂತ ಬರೆಯೋದು ಕಚೇರಿ ಕೆಲಸ," ಎಂದು ಹೊರಟುಹೋದರು. ಮೊದಲ ಸಲ ಅವರು ನಕ್ಕದ್ದು ಬೆನ್ನಿನಿಂದಲೇ ಗೊತ್ತಾಯಿತು.

ನಿರ್ದೇಶಕರು ಕಚೇರಿಯ ಗುಮಾಸ್ತನನ್ನು ಹೊರಗೆ ಕರೆಸಿ ಎರಡು ಮಾತು ಹೇಳಿದರು. ಈ ಗುಮಾಸ್ತ ಜನ್ಮದಲ್ಲಿ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆದವನಲ್ಲ. ಎಲ್ಲವನ್ನೂ ನಿಯಮಾವಳಿ ನೋಡಿ ಇಳಿಸುವವನು. ಅರ್ಧ ಗಂಟೆಯಲ್ಲಿ ಎರಡು ಹಾಳೆ ತಂದ. ನಿರ್ದೇಶಕರು ಕಾರಿನ ಬಾನೆಟ್ಟಿನ ಮೇಲಿಟ್ಟು, ಓದದೆ, ಎರಡಕ್ಕೂ ರುಜು ಗೀಚಿ, ಗೇಟು ದಾಟುವವರೆಗೂ ಕೆಮ್ಮುತ್ತಾ ಹೋದರು.

ಸಂಜೆ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮೊದಲ ಹಾಳೆಯನ್ನು ಹೆಂಡತಿ ಅಕ್ಕಪಕ್ಕದವರಿಗೆಲ್ಲ ಗಟ್ಟಿಯಾಗಿ ಓದಿ ತೋರಿಸಿದಳು: 'ಸದರಿಯವರನ್ನು ಇಂದಿನಿಂದ ಖಾಯಂ ಮಾಡಲಾಗಿದೆ.' ಚಿಮಟನಿಗೆ ಕಣ್ಣು ತುಂಬಿ ಬಂತು. ಹೊಟ್ಟೆಯುರಿ ಕೂಡ ಅರ್ಧ ಇಳಿದಂತಾಯಿತು. ಎಲ್ಲರೂ ಹೋದ ಮೇಲೆ ಅವಳು ಎರಡನೆಯ ಹಾಳೆ ತೆಗೆದಳು.

"'ಸದರಿ ನೌಕರರ ಉಸಿರಿನಲ್ಲಿ ಇಂಗಾಲ-ಹದಿನಾಲ್ಕು ಕಂಡುಬಂದಿರುವುದರಿಂದ, ನಿಯಮದಂತೆ, ಅದರ ಅರ್ಧಾಯು ಮುಗಿಯುವವರೆಗೆ ಅವರಿಗೆ ಕಟ್ಟಡದೊಳಗೆ ಪ್ರವೇಶವಿಲ್ಲ. ಒಳಗೆ ಕಾಲಿಟ್ಟಲ್ಲಿ ಖಾಯಂ ಆದೇಶ ತಾನಾಗಿಯೇ ರದ್ದಾಗುವುದು.' ರೀ, ಅರ್ಧಾಯು ಅಂದ್ರೆ ಏನು?"

"ಇದ್ದಿದ್ದರಲ್ಲಿ ಅರ್ಧ ಕರಗೋಕೆ ಬೇಕಾಗೋ ಕಾಲ," ಎಂದ ಚಿಮಟ. ಹೇಳುತ್ತಲೇ ಅವನ ಮುಖ ಬಿಳಿಚಿಕೊಂಡಿತು.

"ಎಷ್ಟಾಗತ್ತೆ?"

"ಐದು ಸಾವಿರದ ಏಳುನೂರ ಮೂವತ್ತು."

"ದಿನಾನಾ?"

"ವರ್ಷ."

ಅವನು ಗುಮಾಸ್ತನಿಗೆ ಫೋನು ಮಾಡಿದ. "ಏನ್ರೀ ಇದು? ಮೈಯಿಂದ ಹದಿನೈದು ದಿನಕ್ಕೆ ಹೋಗತ್ತೆ ಕಣ್ರೀ!"

"ಫಲಕದಲ್ಲಿ ಎಷ್ಟು ದಿನ ಅಂತ ಬರೆದಿಲ್ಲ ಸಾರ್," ಎಂದ ಗುಮಾಸ್ತ ನೆಮ್ಮದಿಯಾಗಿ. "ನಿಯಮಾವಳೀಲಿ ಹುಡುಕ್ದೆ. ಮನುಷ್ಯರಿಗೆ ನಿಯಮ ಸಿಗಲಿಲ್ಲ, ಇಂಗಾಲ-ಹದಿನಾಲ್ಕು ತುಂಬಿಟ್ಟ ಬಾಟ್ಲಿಗಳಿಗೆ ಇತ್ತು. ಅದನ್ನೇ ನಿಮಗೆ ಹಾಕಿದೆ. ಅದಕ್ಕೇನು, ತಿದ್ದಬಹುದು."

"ತಿದ್ದಿಬಿಡಿ, ನಿಮಗೆ ಪುಣ್ಯ ಬರತ್ತೆ!"

"ಅರ್ಜಿ ಕೊಡಬೇಕು ಸಾರ್. ಖಾಯಂ ನೌಕರರ ಅರ್ಜೀನ ಬೇರೆಯವರ ಕೈಲಿ ಕಳಿಸೋ ಹಾಗಿಲ್ಲ. ನೀವೇ ಖುದ್ದಾಗಿ ಒಳಗೆ ಬಂದು ನನ್ನ ಮೇಜಿನ ಮುಂದೆ ರುಜು ಹಾಕಿ ಕೊಡಬೇಕು. ಯಾವಾಗ ಬರ್ತೀರಾ?"